ಬ್ರೇಕ್ ಅಪ್‌ಗ್ರೇಡ್ ಮಾಡಿಸಿದ ಮೇಲೆ ಪೆಡಲ್ ಮೆತ್ತಗಾಯಿತೇ? ದೋಷ ಎಲ್ಲಿರುತ್ತದೆ, ಸರಿಪಡಿಸುವುದು ಹೇಗೆ?

ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕ್, ಕೆಂಪು ಬಣ್ಣದ ಕ್ಯಾಲಿಪರ್, ದುಬಾರಿ ಪ್ಯಾಡ್. ಬ್ರೇಕ್‌ಗೆಂದು ಸಾವಿರಾರು ರೂಪಾಯಿ ಸುರಿದು ಗ್ಯಾರೇಜಿನಿಂದ ಹೊರಗೆ ಬಂದಿದ್ದೀರಿ. ಮೊದಲ ಸಿಗ್ನಲ್ ಬಂತು, ಬ್ರೇಕ್ ಮೇಲೆ ಕಾಲಿಟ್ಟಿರಿ. ಪೆಡಲ್ ಗಟ್ಟಿಯಾಗಿ ನಿಲ್ಲುವ ಬದಲು ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಗುತ್ತಿದೆ. ಕಾರು ನಿಲ್ಲುತ್ತದೆ, ನಿಜ. ಆದರೆ ಹಳೆಯ ಬ್ರೇಕ್ ಇದಕ್ಕಿಂತ ಚೆನ್ನಾಗಿತ್ತಲ್ಲ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಗ್ಯಾರೇಜಿಗೆ ಫೋನ್ ಮಾಡಿದರೆ ಬರುವ ಉತ್ತರ ಎಲ್ಲ ಊರಲ್ಲೂ ಒಂದೇ: "ಎರಡು ದಿನ ಓಡಿಸಿ, ಸೆಟ್ ಆಗುತ್ತೆ." ಇದು ಅರ್ಧ ಸತ್ಯ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಒಂದಿಷ್ಟು ಕಿಲೋಮೀಟರ್ ಬೇಕು, ಅದು ನಿಜ. ಆದರೆ ಪೈಪಿನೊಳಗೆ ಸಿಕ್ಕಿಬಿದ್ದ ಗಾಳಿ ಎರಡು ದಿನವಲ್ಲ, ಎರಡು ತಿಂಗಳು ಓಡಿಸಿದರೂ ತಾನಾಗಿ ಹೊರಗೆ ಹೋಗುವುದಿಲ್ಲ. ವಾರಾಂತ್ಯಕ್ಕೆ ಮುಂಬೈಯಿಂದ ಖಂಡಾಲ ಘಾಟ್ ಹತ್ತಿ ಇಳಿಯುವವರು, ರಜೆಗೆ ಪುಣೆಯಿಂದ ಖಂಬಾಟಕಿ ದಾಟಿ ಊರಿಗೆ ಬರುವವರು, ಅಲ್ಲಿಂದ ಮುಂದೆ ಚಾರ್ಮಾಡಿ, ಶಿರಾಡಿ, ಆಗುಂಬೆ ಇಳಿಯುವವರು ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಂಥ ಪೆಡಲನ್ನು ಪರೀಕ್ಷೆಗೆ ಒಡ್ಡಬಾರದು.

ಮೆತ್ತಗಿನ ಪೆಡಲ್ ಒಂದು ಲಕ್ಷಣ ಮಾತ್ರ, ಜ್ವರ ಇದ್ದ ಹಾಗೆ. ಕಾರಣ ಗಾಳಿಯೂ ಆಗಿರಬಹುದು, ತಪ್ಪು ಅಳತೆಯ ಮಾಸ್ಟರ್ ಸಿಲಿಂಡರ್ ಆಗಿರಬಹುದು, ಹಳೆಯ ರಬ್ಬರ್ ಹೋಸ್ ಆಗಿರಬಹುದು, ಹಿಂದಿನ ಡ್ರಮ್‌ನ ಅಡ್ಜಸ್ಟ್‌ಮೆಂಟ್ ಕೂಡ ಆಗಿರಬಹುದು. ಯಾವುದು ಎಂದು ತಿಳಿಯದೆ ಬ್ರೇಕ್ ಆಯಿಲ್ ಬಾಟಲಿ ಮೇಲೆ ಬಾಟಲಿ ಸುರಿಯುವುದರಲ್ಲಿ ಅರ್ಥವಿಲ್ಲ.

ಮೊದಲು ನಿಂತಲ್ಲೇ ಪರೀಕ್ಷೆ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಪೆಡಲನ್ನು ನಾಲ್ಕೈದು ಬಾರಿ ಪೂರ್ತಿ ಒತ್ತಿ ಬಿಡಿ. ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಈ ಹಂತ ಬಿಟ್ಟರೆ ಮುಂದಿನದ್ದೆಲ್ಲ ತಪ್ಪು ತೋರಿಸುತ್ತದೆ. ಏಕೆಂದರೆ ಎಂಜಿನ್ ಓಡುತ್ತಿರುವಾಗ ಬೂಸ್ಟರ್ ನಿಮ್ಮ ಕಾಲಿಗೆ ಸಹಾಯ ಮಾಡುತ್ತಿರುತ್ತದೆ, ಪೆಡಲ್ ಸ್ವಲ್ಪ ಮೆದುವಾಗಿಯೇ ಇರುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದರೆ ಅದು ಸ್ವಲ್ಪ ಕೆಳಗಿಳಿದು ನಿಲ್ಲಬೇಕು. ಅದು ದೋಷವಲ್ಲ, ಬೂಸ್ಟರ್ ಸರಿಯಿದೆ ಎಂಬುದಕ್ಕೆ ಗುರುತು. ಇದನ್ನೇ ದೋಷವೆಂದು ತಿಳಿದು ಮಾಸ್ಟರ್ ಸಿಲಿಂಡರ್ ಬದಲಾಯಿಸಿದವರೂ ಇದ್ದಾರೆ.

ಈಗ ಎಂಜಿನ್ ಆಫ್ ಇರುವಾಗ ಪೆಡಲ್ ಹೇಗೆ ವರ್ತಿಸುತ್ತದೆ ನೋಡಿ.

ಮೊದಲ ಒತ್ತಿಗೆ ಕೆಳಗೆ ಹೋಗಿ, ಬೇಗ ಬೇಗನೆ ಎರಡು ಮೂರು ಬಾರಿ ಒತ್ತಿದಾಗ ಮೇಲೆ ಬರುತ್ತಿದೆಯೇ? ಹಾಗೆ ಮೇಲೆ ಬಂದ ಮೇಲೂ ಸ್ಪಂಜಿನಂತೆಯೇ ಇದ್ದರೆ ಒಳಗೆ ಗಾಳಿ ಇದೆ. ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾದರೆ ಗಾಳಿಗಿಂತ ಹೆಚ್ಚಾಗಿ ಪ್ಯಾಡ್ ಅಥವಾ ಶೂ ಮತ್ತು ಡಿಸ್ಕ್, ಡ್ರಮ್‌ಗಳ ನಡುವಿನ ಅಂತರದ ಮೇಲೆ ಅನುಮಾನಪಡಬೇಕು.

ಒಂದೇ ಸಮನೆ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ. ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಹೋಗಿದೆ ಎಂದರ್ಥ. ಈ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.

ಪೆಡಲ್ ತುಂಬಾ ದೂರ ಹೋಗುತ್ತದೆ, ಆದರೆ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದಾದರೆ ಅದು ಮೆತ್ತಗಿನ ಪೆಡಲ್ ಅಲ್ಲ, ಉದ್ದದ ಪೆಡಲ್. ಅದರ ಕಾರಣಗಳೇ ಬೇರೆ. ಬೆಳಿಗ್ಗೆ ಎಲ್ಲ ಸರಿಯಿದ್ದು ಘಾಟ್ ಇಳಿದ ಮೇಲೆ ಮಾತ್ರ ಮೆತ್ತಗಾಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಎರಡರ ಬಗ್ಗೆಯೂ ಮುಂದೆ ನೋಡೋಣ.

20 ಹನಿಯಷ್ಟು ಗಾಳಿ ಸಾಕು

ಬ್ರೇಕ್ ಆಯಿಲ್ ಎಂದು ನಾವೆಲ್ಲ ಕರೆಯುವ ದ್ರವವನ್ನು ಒತ್ತಿ ಕುಗ್ಗಿಸಲು ಬಹುಮಟ್ಟಿಗೆ ಆಗುವುದಿಲ್ಲ. ನೀವು ಪೆಡಲ್ ಒತ್ತಿದ ಒತ್ತಡ ಹಾಗೆಯೇ ನಾಲ್ಕು ಚಕ್ರಗಳಿಗೂ ತಲುಪುತ್ತದೆ. ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮ ಇದೇ. ಗಾಳಿ ಹಾಗಲ್ಲ, ಒತ್ತಿದಷ್ಟೂ ಕುಗ್ಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನಲ್ಲಿ ವಾತಾವರಣದ ಒತ್ತಡದ ಹತ್ತಾರು ಪಟ್ಟು ಒತ್ತಡ ಇರುತ್ತದೆ. ಆಗ 1 ಮಿಲಿ ಲೀಟರ್ ಗಾಳಿ ಕುಗ್ಗಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆ ಖಾಲಿ ಜಾಗವನ್ನು ತುಂಬುವ ಕೆಲಸ ನಿಮ್ಮ ಕಾಲಿನದ್ದು.

ಸಣ್ಣ ಲೆಕ್ಕ ಹಾಕಿ ನೋಡಿ. 20.64 ಮಿ.ಮೀ. ವ್ಯಾಸದ ಮಾಸ್ಟರ್ ಸಿಲಿಂಡರ್ ಇದೆ ಎಂದುಕೊಳ್ಳಿ (ಇಂಚಿನ ಲೆಕ್ಕದಲ್ಲಿ ಹದಿನಾರರಲ್ಲಿ ಹದಿಮೂರು ಭಾಗ, ಸಣ್ಣ ಕಾರುಗಳಲ್ಲಿ ಸಾಮಾನ್ಯ ಅಳತೆ). ಅದರ ವಿಸ್ತೀರ್ಣ ಸುಮಾರು 335 ಚದರ ಮಿ.ಮೀ. 1 ಮಿ.ಲೀ. ಗಾಳಿಯನ್ನು ಕುಗ್ಗಿಸಲು ಪಿಸ್ಟನ್ 3 ಮಿ.ಮೀ. ಮುಂದೆ ಹೋಗಬೇಕು. ಪೆಡಲ್ ಒಂದು ಸನ್ನೆಗೋಲು, ಅದರ ಅನುಪಾತ ನಾಲ್ಕಕ್ಕೆ ಒಂದು ಎಂದಿಟ್ಟುಕೊಂಡರೆ ನಿಮ್ಮ ಕಾಲು 12 ಮಿ.ಮೀ. ಹೆಚ್ಚು ಕೆಳಗೆ ಹೋಗುತ್ತದೆ. 20 ಹನಿಯಷ್ಟು ಗಾಳಿಗೆ ಪೆಡಲ್ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಕುಸಿಯಿತು!

ಕ್ಯಾಲಿಪರ್ ಬಿಚ್ಚಿದಾಗ, ಹೋಸ್ ಬದಲಿಸಿದಾಗ ಗಾಳಿ ಒಳಗೆ ಹೋಗದೆ ಇರಲು ಸಾಧ್ಯವೇ ಇಲ್ಲ. ಹೊಸ ಕ್ಯಾಲಿಪರ್ ಎಂದರೆ ಒಳಗೆಲ್ಲ ಗಾಳಿಯೇ ತುಂಬಿದ ಖಾಲಿ ಡಬ್ಬ. ಆದ್ದರಿಂದ ಅಪ್‌ಗ್ರೇಡ್ ನಂತರದ ದೂರುಗಳಲ್ಲಿ ಮೊದಲು ಹುಡುಕಬೇಕಾದದ್ದು ಗಾಳಿಯನ್ನೇ.

ನಿಪ್ಪಲ್ ಮೇಲಿದೆಯೋ ಕೆಳಗಿದೆಯೋ ನೋಡಿ

ಪುಣೆಯ ಚಿಂಚ್‌ವಾಡದಲ್ಲಿರುವ ನನ್ನ ಸೋದರಮಾವ ತಮ್ಮ ಹ್ಯಾಚ್‌ಬ್ಯಾಕ್‌ಗೆ ಮುಂದಿನ ಕ್ಯಾಲಿಪರ್ ಬದಲಾಯಿಸಿಕೊಂಡಾಗ ಇದೇ ಕಥೆ. ಮೂರು ಸಲ ಗ್ಯಾರೇಜಿಗೆ ಹೋದರು. ಪ್ರತಿ ಸಲವೂ "ಹವಾ ರೆಹ್ ಗಯೀ ಥೀ, ನಿಕಾಲ್ ದಿಯಾ" ಎಂದು ಹುಡುಗ ಹೇಳುತ್ತಿದ್ದ. ಪ್ರತಿ ಸಲವೂ ಪೆಡಲ್ ಹಾಗೆಯೇ. ಕೊನೆಗೆ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ನಕ್ಕರಂತೆ. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿತ್ತು.

ಇದರಿಂದ ಏನಾಗುತ್ತದೆ? ಗಾಳಿ ಹೊರಬಿಡುವ ನಿಪ್ಪಲ್ ಕ್ಯಾಲಿಪರ್‌ನ ಮೇಲ್ತುದಿಯಲ್ಲಿ ಇರಬೇಕು, ಗಾಳಿಗುಳ್ಳೆ ಮೇಲಕ್ಕೇ ಏರುವುದರಿಂದ. ಕ್ಯಾಲಿಪರ್ ಅದಲು ಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಮೇಲೆ ಎಷ್ಟು ಬ್ರೇಕ್ ಆಯಿಲ್ ಹರಿಸಿದರೂ ಮೇಲಿನ ಗಾಳಿ ಅಲ್ಲೇ ಕೂತಿರುತ್ತದೆ, ಕೆಳಗಿನಿಂದ ಶುದ್ಧ ಆಯಿಲ್ ಮಾತ್ರ ಬರುತ್ತದೆ. ನೋಡಿದವರಿಗೆ ಕೆಲಸ ಸರಿಯಾಗಿದೆ ಎನ್ನಿಸುತ್ತದೆ. ಬೇರೆ ಮಾಡೆಲ್‌ನ ಕ್ಯಾಲಿಪರ್ ಅನ್ನು ಬ್ರಾಕೆಟ್ ಹಾಕಿ ಕೂರಿಸಿದಾಗಲೂ ಇದೇ ಆಗಬಹುದು: ಎಡ ಬಲ ಸರಿ ಇದ್ದರೂ ಕೂತ ಕೋನದಿಂದ ನಿಪ್ಪಲ್ ಮೇಲ್ತುದಿಯಲ್ಲಿ ಇರುವುದಿಲ್ಲ. ಅಂಥಲ್ಲಿ ಕ್ಯಾಲಿಪರ್ ಅನ್ನು ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಗಾಳಿ ತೆಗೆಯಬೇಕು. ಮರದ ತುಂಡು ಮರೆತರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಎರಡೂ ಬದಿಯಲ್ಲಿ ಪಿಸ್ಟನ್ ಇರುವ ಕ್ಯಾಲಿಪರ್‌ಗಳಲ್ಲಿ ಎರಡೆರಡು ನಿಪ್ಪಲ್ ಇರುವುದುಂಟು. ಒಳಬದಿಯದು ಕಣ್ಣಿಗೆ ಬೀಳುವುದಿಲ್ಲವೆಂದು ಬಿಡಬೇಡಿ.

ಗಾಳಿ ತೆಗೆಯುವ ಕ್ರಮ

ಇಬ್ಬರು ಬೇಕು. ಒಬ್ಬರು ಪೆಡಲ್ ಬಳಿ, ಇನ್ನೊಬ್ಬರು ಚಕ್ರದ ಬಳಿ. ಕಾರನ್ನು ಜಾಕ್ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯನ್ನು ಒರೆಸಿ, ಹೊಸದಾಗಿ ಸೀಲ್ ತೆಗೆದ ಬಾಟಲಿಯಿಂದ ಮ್ಯಾಕ್ಸ್ ಗೆರೆಯವರೆಗೆ ತುಂಬಿ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಪೆಡಲ್ ಬಳಿ ಇರುವವರು ನಿಧಾನವಾಗಿ ಒತ್ತಿ ಹಿಡಿದುಕೊಂಡು "ಒತ್ತಿದೆ" ಎನ್ನಬೇಕು. ಆಗ ನಿಪ್ಪಲ್ ಅನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ತೆರೆಯಿರಿ. ಆಯಿಲ್, ಗುಳ್ಳೆ ಹೊರಗೆ ಬರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ನಿಪ್ಪಲ್ ಮುಚ್ಚಿ, ಆಮೇಲೆ "ಬಿಡು" ಎನ್ನಿ. ಈ ಕ್ರಮ ತಪ್ಪಿ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಗಂಡ ಹೆಂಡತಿ ಸೇರಿ ಈ ಕೆಲಸ ಮಾಡುವುದಾದರೆ ಮೊದಲೇ ಮಾತಿನ ಸಂಕೇತ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು!

ನಾಲ್ಕೈದು ಬಾರಿ ಆದ ಮೇಲೆ ಡಬ್ಬಿ ನೋಡಿ. ಮಿನ್ ಗೆರೆಗಿಂತ ಕೆಳಗಿಳಿದು ಡಬ್ಬಿ ಖಾಲಿಯಾದರೆ ಮಾಸ್ಟರ್ ಸಿಲಿಂಡರ್‌ಗೇ ಗಾಳಿ ಹೊಕ್ಕು ಅಷ್ಟೂ ಕೆಲಸ ಮೊದಲಿನಿಂದ ಮಾಡಬೇಕಾಗುತ್ತದೆ. ಕ್ಯಾಲಿಪರ್ ಅನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೋಡೆಗೆ ಅಂಟಿದ ಸಣ್ಣ ಗುಳ್ಳೆಗಳು ಬಿಡುತ್ತವೆ. ಪೆಡಲನ್ನು ರಪರಪನೆ ಒತ್ತಬೇಡಿ. ಗಾಳಿ ಆಯಿಲ್ ಜೊತೆ ಕಲಸಿ ನೊರೆಯಾದರೆ ಹೊರತೆಗೆಯುವುದು ಇನ್ನೂ ಕಷ್ಟ.

ಯಾವ ಚಕ್ರದಿಂದ ಶುರು? ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರ ಮೊದಲು ಎಂಬುದು ಹಳೆಯ ಲೆಕ್ಕ. ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಅದು ಹಿಂದಿನ ಎಡ ಚಕ್ರ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಆದರೆ ಈಗಿನ ಹೆಚ್ಚಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಪೈಪುಗಳು ಅಡ್ಡಡ್ಡ ಜೋಡಿಯಾಗಿರುತ್ತವೆ, ಅಂದರೆ ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ. ಇವುಗಳಿಗೆ ಕಂಪನಿ ಬೇರೆ ಕ್ರಮ ಹೇಳಿರಬಹುದು. ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಹೇಳಿದ್ದೇ ಅಂತಿಮ.

ಹಳೆಯ ಕಾರಾಗಿದ್ದರೆ ಇನ್ನೊಂದು ಎಚ್ಚರಿಕೆ. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರ್ ಪಿಸ್ಟನ್ ಅರ್ಧ ದೂರವಷ್ಟೇ ಚಲಿಸುತ್ತದೆ. ಅದರಾಚೆಯ ಭಾಗದಲ್ಲಿ ವರ್ಷಗಟ್ಟಲೆ ತುಕ್ಕು, ಕೊಳೆ ಕೂತಿರುತ್ತದೆ. ಗಾಳಿ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿದರೆ ರಬ್ಬರ್ ಸೀಲ್ ಆ ಒರಟು ಜಾಗದ ಮೇಲೆ ಉಜ್ಜಿ ಹರಿಯುತ್ತದೆ. "ಬ್ರೇಕ್ ಕೆಲಸ ಮಾಡಿಸಿದ ಮೇಲೆ ಮಾಸ್ಟರ್ ಸಿಲಿಂಡರ್ ಹೋಯಿತು" ಎನ್ನುವ ದೂರಿನ ಹಿಂದೆ ಇದೇ ಇರುವುದುಂಟು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಅದು ಪೂರ್ತಿ ಕೆಳಗೆ ಹೋಗುವುದಿಲ್ಲ.

ಮಾಸ್ಟರ್ ಸಿಲಿಂಡರ್ ಅನ್ನೇ ಹೊಸದಾಗಿ ಹಾಕಿದ್ದರೆ, ಅದನ್ನು ಕಾರಿಗೆ ಕೂರಿಸುವ ಮೊದಲೇ ವೈಸ್‌ನಲ್ಲಿ ಹಿಡಿದು ಗಾಳಿ ತೆಗೆದಿರಬೇಕು. ವ್ಯಾಕ್ಯೂಮ್ ಪಂಪ್ ಬಳಸುವವರಿಗೆ ಒಂದು ಮಾತು: ಗುಳ್ಳೆ ನಿಲ್ಲುವುದೇ ಇಲ್ಲ ಎಂದು ಗಾಬರಿಯಾಗಬೇಡಿ, ನಿಪ್ಪಲ್‌ನ ಮರೆಯ ಸುತ್ತಲಿಂದ ಪಂಪ್ ಹೊರಗಿನ ಗಾಳಿಯನ್ನೂ ಎಳೆಯುತ್ತದೆ. ಕೊನೆಯ ಸುತ್ತನ್ನು ಪೆಡಲ್ ಒತ್ತಿಯೇ ಮುಗಿಸಿ.

ಎಬಿಎಸ್ ಇದ್ದರೆ ಸ್ಕ್ಯಾನರ್ ಬೇಕಾಗಬಹುದು

2019ರ ಏಪ್ರಿಲ್ ನಂತರ ಮಾರಾಟವಾದ ಕಾರುಗಳಲ್ಲಿ ಎಬಿಎಸ್ ಕಡ್ಡಾಯ. ಎಂಜಿನ್ ಕೋಣೆಯಲ್ಲಿರುವ ಅದರ ಪೆಟ್ಟಿಗೆಯೊಳಗೆ ಪಂಪ್ ಮತ್ತು ವಾಲ್ವ್‌ಗಳಿವೆ. ಕೆಲವು ವಾಲ್ವ್‌ಗಳು ಸಾಮಾನ್ಯ ಹೊತ್ತಿನಲ್ಲಿ ಮುಚ್ಚಿಯೇ ಇರುತ್ತವೆ. ಡಬ್ಬಿ ಖಾಲಿಯಾಗಿ ಗಾಳಿ ಆ ಪೆಟ್ಟಿಗೆಯವರೆಗೆ ಹೋಗಿದ್ದರೆ ಚಕ್ರದ ಬಳಿ ಎಷ್ಟು ತೆಗೆದರೂ ಒಳಗಿನದು ಬರುವುದಿಲ್ಲ. ಸ್ಕ್ಯಾನರ್ ಜೋಡಿಸಿ, ಎಬಿಎಸ್ ಬ್ಲೀಡಿಂಗ್ ಆಯ್ಕೆ ಒತ್ತಿ, ಪಂಪ್ ಓಡಿಸಿ, ಮತ್ತೆ ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಯಬೇಕು. ಬೀದಿ ಬದಿಯ ಎಲ್ಲ ಗ್ಯಾರೇಜುಗಳಲ್ಲೂ ಈ ಸೌಲಭ್ಯ ಇರುವುದಿಲ್ಲ. ಕೆಲಸ ಒಪ್ಪಿಸುವ ಮೊದಲೇ ಕೇಳಿಕೊಳ್ಳಿ. ಕ್ಯಾಲಿಪರ್ ಬದಲಿಸುವಾಗ ಹೋಸ್ ತುದಿಯನ್ನು ಮುಚ್ಚಿಟ್ಟು ಡಬ್ಬಿ ಖಾಲಿಯಾಗದಂತೆ ನೋಡಿಕೊಂಡರೆ ಈ ತಲೆನೋವೇ ಬರುವುದಿಲ್ಲ.

ಗಾಳಿ ಇಲ್ಲದಿದ್ದರೂ ಪೆಡಲ್ ಕೆಳಗೆ ಏಕೆ?

ಈಗ ಅಪ್‌ಗ್ರೇಡ್‌ನದೇ ಪಾಲು ಎಷ್ಟು ಎಂದು ನೋಡೋಣ. ಮೊದಲು ಕ್ಯಾಲಿಪರ್‌ನಲ್ಲಿ 48 ಮಿ.ಮೀ.ನ ಒಂದು ಪಿಸ್ಟನ್ ಇತ್ತು, ಈಗ 54 ಮಿ.ಮೀ. ಬಂದಿದೆ ಎಂದುಕೊಳ್ಳಿ. 6 ಮಿ.ಮೀ. ತಾನೇ ಎನ್ನಬೇಡಿ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಸುಮಾರು 1,810 ಚದರ ಮಿ.ಮೀ.ನಿಂದ 2,290ಕ್ಕೆ, ಅಂದರೆ ಶೇ. 27ರಷ್ಟು ಹೆಚ್ಚು. ಪ್ಯಾಡ್ ಡಿಸ್ಕಿಗೆ ತಾಗಲು ಪಿಸ್ಟನ್ ಅರ್ಧ ಮಿ.ಮೀ. ಚಲಿಸಬೇಕು ಎಂದಾದರೆ ಎರಡು ಮುಂಚಕ್ರಗಳಿಗೆ ಮೊದಲು 1.8 ಮಿ.ಲೀ. ಆಯಿಲ್ ಸಾಕಿತ್ತು, ಈಗ 2.3 ಮಿ.ಲೀ. ಬೇಕು. ಅದೇ 20.64 ಮಿ.ಮೀ. ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡರೆ ಪೆಡಲ್ ಮೊದಲಿಗಿಂತ ಸುಮಾರು 6 ಮಿ.ಮೀ. ಹೆಚ್ಚು ಕೆಳಗೆ ಹೋಗುತ್ತದೆ.

6 ಮಿ.ಮೀ. ಎಂದರೆ ಕಾಲಿಗೆ ಗೊತ್ತಾಗುವಷ್ಟು ವ್ಯತ್ಯಾಸ, ಹೆದರುವಷ್ಟಲ್ಲ. ಪೆಡಲ್ ನೆಲ ಮುಟ್ಟುತ್ತಿದ್ದರೆ ಅದಕ್ಕೆ "ದೊಡ್ಡ ಕ್ಯಾಲಿಪರ್ ಹಾಕಿದ್ದೀರಲ್ಲ, ಹಾಗೇ ಇರುತ್ತೆ" ಎಂಬ ಸಮಜಾಯಿಷಿ ಒಪ್ಪಬೇಡಿ. ಬೇರೆ ಕಾರಣ ಇದೆ.

"ನಾಲ್ಕು ಪಿಸ್ಟನ್" ಎಂಬ ಮಾತಿಗೆ ಮರುಳಾಗುವವರೂ ಇದ್ದಾರೆ. ಎರಡೂ ಬದಿಯಲ್ಲಿ ಎರಡೆರಡು 38 ಮಿ.ಮೀ. ಪಿಸ್ಟನ್ ಇರುವ ಕ್ಯಾಲಿಪರ್ ಅನ್ನು ಒಂದೇ ಪಿಸ್ಟನ್‌ನ ತೇಲುವ ಕ್ಯಾಲಿಪರ್ ಜೊತೆ ಹೋಲಿಸುವಾಗ ಒಂದು ಬದಿಯ ಪಿಸ್ಟನ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಎರಡು 38 ಸೇರಿದರೆ 2,268 ಚದರ ಮಿ.ಮೀ., ಅಂದರೆ ಒಂದು 54 ಮಿ.ಮೀ. ಪಿಸ್ಟನ್‌ಗೆ ಸರಿಸಮ. ಒತ್ತುವ ಬಲವೂ ಅಷ್ಟೇ, ಕುಡಿಯುವ ಆಯಿಲ್ ಕೂಡ ಅಷ್ಟೇ. ಖರೀದಿಗೆ ಮುನ್ನ ಪಿಸ್ಟನ್ ವ್ಯಾಸ ಕೇಳಿ ಈ ಲೆಕ್ಕ ಹಾಕಿಕೊಂಡರೆ ಆಮೇಲಿನ ಅರ್ಧ ತಾಪತ್ರಯ ಇರುವುದಿಲ್ಲ.

ಪಿಸ್ಟನ್ ವಿಸ್ತೀರ್ಣ ತೀರಾ ಹೆಚ್ಚಾಗಿದ್ದರೆ ದೊಡ್ಡ ಮಾಸ್ಟರ್ ಸಿಲಿಂಡರ್ ಪರಿಹಾರ. ಮೇಲಿನ ಉದಾಹರಣೆಯಲ್ಲಿ 22.22 ಮಿ.ಮೀ. ಹಾಕಿದರೆ ಮುಂಚಕ್ರಗಳ ಪಾಲಿನ ಪೆಡಲ್ ಚಲನೆ 27 ಮಿ.ಮೀ.ನಿಂದ ಸುಮಾರು 24ಕ್ಕೆ ಇಳಿಯುತ್ತದೆ. ಆದರೆ ಅದೇ ಕಾಲಿನ ಬಲಕ್ಕೆ ಪೈಪಿನ ಒತ್ತಡ ಶೇ. 14ರಷ್ಟು ಕಡಿಮೆಯಾಗುತ್ತದೆ. ದೊಡ್ಡ ಪಿಸ್ಟನ್‌ನಿಂದ ಸಿಕ್ಕ ಲಾಭದಲ್ಲಿ ಕೊನೆಗೆ ಉಳಿಯುವುದು ಶೇ. 9ರಷ್ಟೇ. ಪೆಡಲ್ ಗಟ್ಟಿ ಅನ್ನಿಸುತ್ತದೆ, ಹೆಚ್ಚು ಬಲ ಹಾಕಬೇಕಾಗುತ್ತದೆ. ಗಟ್ಟಿ ಪೆಡಲ್ ಎಂದರೆ ಒಳ್ಳೆಯ ಬ್ರೇಕ್ ಎಂದೇ ಅರ್ಥವಲ್ಲ.

ಮಾಸ್ಟರ್ ಸಿಲಿಂಡರ್ ಬದಲಿಸಿದವರು ಬೂಸ್ಟರ್‌ನ ಪುಶ್ ರಾಡ್ ಮತ್ತು ಪಿಸ್ಟನ್ ನಡುವಿನ ಅಂತರವನ್ನೂ ಅಳೆಯಬೇಕು. ಅಂತರ ಹೆಚ್ಚಿದ್ದರೆ ಅಷ್ಟು ದೂರ ಪೆಡಲ್ ಸುಮ್ಮನೆ ಹೋಗುತ್ತದೆ. ಅಂತರವೇ ಇಲ್ಲದಿದ್ದರೆ ಇನ್ನೂ ಅಪಾಯ: ಆಯಿಲ್ ಡಬ್ಬಿಗೆ ವಾಪಸಾಗುವ ದಾರಿ ಮುಚ್ಚಿ, ಓಡುತ್ತಾ ಓಡುತ್ತಾ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ.

ಹಿಂದಿನ ಡ್ರಮ್ ಮರೆಯಬೇಡಿ

ಮುಂದೆ ಡಿಸ್ಕ್ ಬದಲಿಸಿದವರು ಹಿಂದಿನ ಡ್ರಮ್ ಬಿಚ್ಚಿ ನೋಡುವುದೇ ಇಲ್ಲ. ನಮ್ಮ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಡ್ರಮ್ಮೇ. ಶೂ ಸವೆದಂತೆ ತಾನಾಗಿ ಅಂತರ ಸರಿಪಡಿಸಿಕೊಳ್ಳುವ ಅಡ್ಜಸ್ಟರ್ ಧೂಳು, ತುಕ್ಕಿಗೆ ಹಿಡಿದುಕೊಂಡರೆ ಶೂ ದೂರವೇ ಉಳಿಯುತ್ತದೆ. ಪೆಡಲ್‌ನ ಮೊದಲ ಭಾಗವೆಲ್ಲ ಆ ಅಂತರ ತುಂಬುವುದಕ್ಕೇ ಹೋಗುತ್ತದೆ. ಪರೀಕ್ಷೆ ಸುಲಭ: ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ನಿಂತಲ್ಲೇ ಪೆಡಲ್ ಒತ್ತಿ. ಪೆಡಲ್ ತಟ್ಟನೆ ಮೇಲೆ ಬಂದರೆ ದೋಷ ಹಿಂದಿನ ಚಕ್ರಗಳಲ್ಲಿದೆ.

ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವವರು ಇನ್ನೂ ಜಾಗ್ರತೆಯಾಗಿರಬೇಕು. ಡ್ರಮ್ ತಿರುಗುವ ರಭಸವೇ ಮುಂದಿನ ಶೂವನ್ನು ಒಳಕ್ಕೆ ಎಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ. ಡಿಸ್ಕಿನಲ್ಲಿ ಆ ಸಹಾಯ ಇಲ್ಲ, ಹಾಗಾಗಿ ಕ್ಯಾಲಿಪರ್ ಪಿಸ್ಟನ್ ದೊಡ್ಡದಿರಬೇಕು, ಮಾಸ್ಟರ್ ಸಿಲಿಂಡರ್ ಮೇಲಿನ ಹೊರೆ ಬದಲಾಗುತ್ತದೆ. ಹಳೆಯ ನಾಲ್ಕೂ ಡ್ರಮ್ ಕಾರುಗಳ ವ್ಯವಸ್ಥೆಯಲ್ಲಿ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುವುದುಂಟು. ಡಿಸ್ಕ್ ಹಾಕಿದ ಮೇಲೂ ಅದನ್ನು ಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಾ ಬಿಸಿಯಾಗುತ್ತದೆ.

ಹ್ಯಾಂಡ್ ಬ್ರೇಕ್ ಒಳಗೊಂಡ ಹಿಂದಿನ ಕ್ಯಾಲಿಪರ್‌ಗಳಲ್ಲಿ ಕೇಬಲ್ ಅನ್ನು ಮೊದಲೇ ಬಿಗಿದರೆ ಒಳಗಿನ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಕೇಬಲ್ ಸಡಿಲ ಬಿಟ್ಟು, ಪೆಡಲ್ ಹತ್ತಾರು ಬಾರಿ ಒತ್ತಿ ಪ್ಯಾಡ್ ಹತ್ತಿರ ಬಂದ ಮೇಲೆ ಕೇಬಲ್ ಬಿಗಿಯಬೇಕು.

ಇಲ್ಲಿ ಪೆಡಲ್‌ಗಿಂತ ದೊಡ್ಡ ವಿಷಯವೂ ಇದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದಿನ ಬ್ರೇಕ್ ಅಗತ್ಯಕ್ಕಿಂತ ಬಲವಾಗಿದ್ದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. ಹಿಂದೆ ಡಿಸ್ಕ್ ಹಾಕುವುದು ನೋಟಕ್ಕಾಗಿ ಎಂದಾದರೆ, ನನ್ನ ಅಭಿಪ್ರಾಯದಲ್ಲಿ, ಬೇಡ. ಒಳ್ಳೆಯ ಟೈರ್‌ಗೆ ಆ ದುಡ್ಡು ಹಾಕಿ.

ಹೋಸ್, ಪಿನ್, ವಾಷರ್

ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ. ಸಹಾಯಕರು ಪೆಡಲ್ ಒತ್ತುವಾಗ ಹೋಸ್ ಮೇಲೆ ಕೈಯಿಟ್ಟರೆ ಒಮ್ಮೊಮ್ಮೆ ಗೊತ್ತಾಗುತ್ತದೆ. ದೋಷ ಯಾವ ಚಕ್ರದ್ದು ಎಂದು ಪತ್ತೆ ಮಾಡಲು ಮೆಕ್ಯಾನಿಕ್‌ಗಳು ಹೋಸ್ ಕ್ಲಾಂಪ್ ಹಾಕುತ್ತಾರೆ. ನಾಲ್ಕೂ ಹೋಸ್ ಬಿಗಿದಾಗ ಪೆಡಲ್ ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್ ಸರಿಯಿದೆ. ಒಂದೊಂದೇ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ ಪೆಡಲ್ ಕುಸಿಯುತ್ತದೋ ಅಲ್ಲಿ ಹುಡುಕಿ. ಇದಕ್ಕೆ ಇಕ್ಕಳ ಬಳಸಿದರೆ ಹೋಸ್ ಹಾಳು. ಸ್ಟೀಲ್ ಹೆಣಿಗೆಯ ಹೋಸ್‌ಗಂತೂ ಕ್ಲಾಂಪ್ ಹಾಕಲೇಬಾರದು.

ಕ್ಯಾಲಿಪರ್‌ಗೆ ಹೋಸ್ ಜೋಡಿಸುವ ಬೋಲ್ಟಿನ ಎರಡೂ ಬದಿ ತಾಮ್ರದ ವಾಷರ್ ಇರುತ್ತದೆ. ಹಳೆಯದನ್ನೇ ಮತ್ತೆ ಹಾಕಿದರೆ ಸಣ್ಣಗೆ ಜಿನುಗುತ್ತದೆ. ಕೆಲವೇ ರೂಪಾಯಿಯ ವಸ್ತು, ಹೊಸದೇ ಹಾಕಿಸಿ.

ತೇಲುವ ಕ್ಯಾಲಿಪರ್‌ನ ಸ್ಲೈಡ್ ಪಿನ್ ಒಣಗಿ ಹಿಡಿದುಕೊಂಡಿದ್ದರೆ, ಅಥವಾ ಬ್ರಾಕೆಟ್ ಓರೆಯಾಗಿ ಪ್ಯಾಡ್ ಡಿಸ್ಕಿಗೆ ಸಮಾನಾಂತರವಾಗಿ ಕೂರದಿದ್ದರೆ, ಪೆಡಲ್ ಒತ್ತಿದಾಗ ಕ್ಯಾಲಿಪರ್ ಬಾಗುತ್ತದೆ. ಆ ಬಾಗುವಿಕೆಯೇ ಕಾಲಿಗೆ ಸ್ಪಂಜಿನಂತೆ ಅನ್ನಿಸುತ್ತದೆ. ಬೇರೆ ಮಾಡೆಲ್‌ನ ಕ್ಯಾಲಿಪರ್‌ಗೆ ಲೇತ್‌ನಲ್ಲಿ ಬ್ರಾಕೆಟ್ ಮಾಡಿಸಿದವರು ಪ್ಯಾಡ್ ಬಿಚ್ಚಿ ನೋಡಲಿ, ಒಂದು ತುದಿ ಹೆಚ್ಚು ಸವೆದಿದ್ದರೆ ಉತ್ತರ ಸಿಕ್ಕಿತು. ಹಬ್ ಮೇಲಿನ ತುಕ್ಕು ಉಜ್ಜದೆ ಡಿಸ್ಕ್ ಕೂರಿಸಿದರೆ ಡಿಸ್ಕ್ ತಿರುಗುವಾಗ ಅಲ್ಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಸಡಿಲವಾದ ವೀಲ್ ಬೇರಿಂಗ್‌ನಿಂದಲೂ ಹೀಗಾಗುತ್ತದೆ. ತಿರುವು ದಾಟಿದ ಮೇಲೆ ಮೊದಲ ಒತ್ತು ಮಾತ್ರ ಕೆಳಗೆ ಹೋಗುತ್ತಿದ್ದರೆ ಇದರ ಮೇಲೆ ಕಣ್ಣಿಡಿ.

ಬ್ರೇಕ್ ಆಯಿಲ್: ಬಾಟಲಿ ಮೇಲಿನ ಅಂಕಿ ಓದಿ

ಹೆಸರು ಆಯಿಲ್, ಆದರೆ ನಮ್ಮ ಕಾರುಗಳಲ್ಲಿರುವುದು ಗ್ಲೈಕಾಲ್ ಆಧಾರಿತ ದ್ರವ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಒಂದು ಚಮಚ ಸೇರಿದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಈ ದ್ರವ ಗಾಳಿಯ ತೇವ ಹೀರಿಕೊಳ್ಳುತ್ತದೆ. ಮುಂಬೈ, ಚೆನ್ನೈ, ಮಂಗಳೂರಿನಂಥ ಕಡಲ ಊರುಗಳಲ್ಲಿ ಇದನ್ನು ನೆನಪಿಡಬೇಕು. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಘಾಟ್ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿದರೆ ಕ್ಯಾಲಿಪರ್ ಒಳಗಿನ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಹಾಗಾದರೆ ಕೆಳ ಗೇರ್‌ಗೆ ಹಾಕಿ, ಪೆಡಲನ್ನು ಬೇಗ ಬೇಗ ಒತ್ತುತ್ತಾ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು ಬದಿಗೆ ನಿಲ್ಲಿಸಿ.

ಡಾಟ್ 5 ಎಂಬುದು ಬೇರೆಯೇ ಜಾತಿ, ಸಿಲಿಕೋನ್ ದ್ರವ. ಅಂಕಿ ದೊಡ್ಡದಿದೆ ಎಂದು ಡಾಟ್ 4ರ ಜೊತೆ ಸುರಿಯಬೇಡಿ, ಅವು ಬೆರೆಯುವುದಿಲ್ಲ. ಎಬಿಎಸ್ ಕಾರುಗಳಿಗೆ ಅದು ಹೊಂದುವುದೂ ಇಲ್ಲ. ಕಾರಿನ ಬಣ್ಣದ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಒರೆಸುತ್ತಾ ಕೂರದೆ ನೀರು ಸುರಿದು ತೊಳೆಯಿರಿ.

ರಸ್ತೆಗೆ ಇಳಿಯುವ ಮುನ್ನ

ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗಿ ನಿಲ್ಲಬೇಕು, ಅರ್ಧ ನಿಮಿಷ ಒತ್ತಿ ಹಿಡಿದರೂ ಇಳಿಯಬಾರದು. ನಾಲ್ಕೂ ನಿಪ್ಪಲ್, ಬೋಲ್ಟ್‌ಗಳ ಬಳಿ ಟಿಶ್ಯೂ ಇಟ್ಟು ಒದ್ದೆಯಾಗುತ್ತದೆಯೇ ನೋಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹೋಸ್ ಎಳೆಯಬಾರದು, ಟೈರ್‌ಗೆ ತಾಗಬಾರದು. ಕಾಂಪೌಂಡ್ ಒಳಗೇ ನಡಿಗೆಯ ವೇಗದಲ್ಲಿ ಮೊದಲ ಬ್ರೇಕ್ ಒತ್ತಿ.

ಆಮೇಲೆ ಖಾಲಿ ರಸ್ತೆ ಹುಡುಕಿ, 60 ಕಿ.ಮೀ. ವೇಗದಿಂದ 20ಕ್ಕೆ ಮಧ್ಯಮ ಬಲದಲ್ಲಿ ಎಂಟು ಹತ್ತು ಬಾರಿ ವೇಗ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ನಡುನಡುವೆ ಡಿಸ್ಕ್ ಆರಲು ಬಿಡಿ. ಪ್ಯಾಡ್ ಕಂಪನಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಹೊಸ ಪ್ಯಾಡ್‌ನಿಂದ ಬಂದ ಅಲ್ಪಸ್ವಲ್ಪ ಮೆತ್ತಗಿನ ಅನುಭವ ಇದರಿಂದ ಹೋಗುತ್ತದೆ. ಹೋಗಲಿಲ್ಲವೆಂದರೆ ಮತ್ತೆ ಮೊದಲ ಪರೀಕ್ಷೆಗೆ ಹಿಂದಿರುಗಿ.

ಕಾಗದಪತ್ರದ ವಿಷಯವೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಡಿಸ್ಕ್, ಕ್ಯಾಲಿಪರ್‌ಗಳ ಅಳತೆ ಆರ್‌ಸಿಯಲ್ಲಿ ಇರುವುದಿಲ್ಲ ನಿಜ, ಆದರೆ ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರ್ ಮೊದಲು ಪ್ರಶ್ನಿಸುವುದು ಇಂಥ ಬದಲಾವಣೆಯನ್ನೇ. ವಿಮಾ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ ಉತ್ತರ ಇಟ್ಟುಕೊಳ್ಳಿ. ಗ್ಯಾರೇಜಿನಿಂದ ಬಿಡಿಭಾಗದ ನಂಬರ್, ಪಿಸ್ಟನ್ ಅಳತೆ, ತುಂಬಿದ ಬ್ರೇಕ್ ಆಯಿಲ್ ದರ್ಜೆ ಬರೆದ ಬಿಲ್ ಪಡೆಯಿರಿ. ಕಾರು ವಾರಂಟಿಯಲ್ಲಿದ್ದರೆ ಕೆಲಸ ಶುರು ಮಾಡಿಸುವ ಮೊದಲೇ ಶೋರೂಮಿನವರನ್ನು ಕೇಳಿ, ಬ್ರೇಕ್ ವ್ಯವಸ್ಥೆಯ ಮೇಲಿನ ವಾರಂಟಿ ಉಳಿಯುತ್ತದೆಯೇ ಎಂದು.